37-622 ಟಯರಿಗೆ ಯಾವ ಅಳತೆಯ ಟ್ಯೂಬ್ ಸರಿ?

ಪ್ರಶ್ನೆ

ನಮಸ್ಕಾರ. ನನ್ನ ಸೈಕಲ್ಲಿನ ಹಿಂದಿನ ಚಕ್ರದ ಟ್ಯೂಬಿನಲ್ಲಿ ಪ್ಯಾಚುಗಳು ಹೆಚ್ಚಾಗಿರುವುದರಿಂದ ಹೊಸದನ್ನು ಹಾಕಬೇಕೆಂದಿದ್ದೇನೆ. ಟಯರಿನ ಪಕ್ಕದಲ್ಲಿ 37-622, 28 x 1 3/8 x 1 5/8 ಮತ್ತು 700 x 35ಸಿ ಎಂಬ ಮೂರು ಅಳತೆಗಳು ಅಚ್ಚಾಗಿವೆ. ನಾನು ನೋಡಿದ ಟ್ಯೂಬುಗಳಲ್ಲಿ ಒಂದರ ಪೆಟ್ಟಿಗೆಯ ಮೇಲೆ 700 x 18/25ಸಿ ಎಂದೂ ಮತ್ತೊಂದರ ಮೇಲೆ 700 x 35/43ಸಿ ಎಂದೂ ಇದೆ. ರಬ್ಬರ್ ಹೇಗೂ ಹಿಗ್ಗುತ್ತದೆ, ಯಾವುದನ್ನು ಹಾಕಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ಇದು ನಿಜವೇ?

ಉತ್ತರ 1

ಮೂರೂ ಒಂದೇ ಟಯರಿನ ಅಳತೆಗಳು. ಬರೆಯುವ ಪದ್ಧತಿ ಮಾತ್ರ ಬೇರೆ ಬೇರೆ. ಇವುಗಳಲ್ಲಿ ನಂಬಬೇಕಾದದ್ದು 37-622. ಇದು ಇ.ಟಿ.ಆರ್.ಟಿ.ಓ. (ಯುರೋಪಿನ ಟಯರ್ ಮತ್ತು ರಿಮ್ ತಾಂತ್ರಿಕ ಸಂಸ್ಥೆ) ಪದ್ಧತಿಯ ಗುರುತು, 37 ಎಂಬುದು ಗಾಳಿ ತುಂಬಿದ ಟಯರಿನ ಅಂದಾಜು ಅಗಲ, 622 ಎಂಬುದು ಟಯರಿನ ಅಂಚು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರುಗಳಲ್ಲಿ. ಇಂಚಿನ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದಕ್ಕೆ 26 ಇಂಚಿನ ಚಕ್ರಗಳನ್ನೇ ನೋಡಬಹುದು: 26 x 1 3/8 ಟಯರಿನ ವ್ಯಾಸ 590, ಆದರೆ 26 x 2.0 ಟಯರಿನದು 559. ಇಷ್ಟು ಅಂತರವಿದ್ದರೂ ಎರಡನ್ನೂ 26 ಎಂದೇ ಕರೆಯುತ್ತಾರೆ.

ನಿಮಗೆ ಬೇಕಾದದ್ದು 35/43 ಟ್ಯೂಬ್, ಅಂದರೆ 35ರಿಂದ 43 ಮಿ.ಮೀ. ಅಗಲದ ಟಯರುಗಳಿಗೆ ಹೊಂದುವಂಥದ್ದು. 18/25 ಟ್ಯೂಬನ್ನು 37 ಮಿ.ಮೀ. ಟಯರಿನೊಳಗೆ ಹಾಕಿದರೆ ಅದು ಹಿಗ್ಗಿ ಜಾಗವನ್ನೇನೋ ತುಂಬುತ್ತದೆ, ಆದರೆ ಹಿಗ್ಗಿದಷ್ಟೂ ರಬ್ಬರಿನ ಪದರ ತೆಳುವಾಗುವುದರಿಂದ ಗಾಳಿ ಬೇಗ ಇಳಿಯುತ್ತದೆ ಮತ್ತು ಸಣ್ಣ ಮುಳ್ಳು ತಾಗಿದರೂ ತೂತಾಗುತ್ತದೆ. ಇದಕ್ಕೆ ವಿರುದ್ಧವಾಗಿ, ತೀರ ಅಗಲವಾದ ಟ್ಯೂಬ್ ಇಕ್ಕಟ್ಟಾದ ಟಯರಿನೊಳಗೆ ಮಡಿಕೆ ಬೀಳುತ್ತದೆ. ಆ ಮಡಿಕೆ ಉಜ್ಜಿ ಉಜ್ಜಿ ಸವೆಯುತ್ತದೆ, ಇಲ್ಲವೇ ಟಯರಿನ ಅಂಚು ಮತ್ತು ರಿಮ್ಮಿನ ನಡುವೆ ಸಿಕ್ಕಿ ಗಾಳಿ ಹೊಡೆಯುವಾಗಲೇ ಒಡೆಯುತ್ತದೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಟಯರಿನಷ್ಟು ಬಿಗಿಯಾದ ನಿಯಮ ಟ್ಯೂಬಿಗಿಲ್ಲ ಎಂಬುದನ್ನೂ ಹೇಳಬೇಕು. 622 ರಿಮ್ಮಿಗೆ 630ರ ಟಯರ್ ಖಂಡಿತ ಸಲ್ಲದು. ಆದರೆ ಅದೇ ಎರಡು ವ್ಯಾಸಗಳಿಗೆ ಒಂದೇ ಟ್ಯೂಬ್ ಸಾಕಾಗುತ್ತದೆ, ಹಾಗಾಗಿಯೇ ಕೆಲವು ಪೆಟ್ಟಿಗೆಗಳ ಮೇಲೆ 622/630 ಎಂದು ಜೊತೆಯಾಗಿ ಬರೆದಿರುತ್ತಾರೆ. ಟಯರಿನ ಅಗಲ ಎರಡು ಟ್ಯೂಬುಗಳ ವ್ಯಾಪ್ತಿಯ ಗಡಿಯಲ್ಲಿದ್ದರೆ ನಾನು ಚಿಕ್ಕದನ್ನೇ ಆರಿಸುತ್ತೇನೆ, ಏಕೆಂದರೆ ಅದನ್ನು ಟಯರಿನೊಳಗೆ ಮಡಿಕೆಯಿಲ್ಲದೆ ಕೂರಿಸುವುದು ಸುಲಭ. ದಾರಿಯಲ್ಲಿ ಬೇರೇನೂ ಸಿಗದಿದ್ದಾಗ ಇನ್ನೂ ಕಿರಿದಾದ ಟ್ಯೂಬಿನಿಂದಲೂ ಮನೆ ಸೇರಬಹುದು. ಸೇರಿದ ಮೇಲೆ ಬದಲಿಸಿದರಾಯಿತು.

ಉತ್ತರ 3

ವಾಲ್ವಿನ ಮಾತನ್ನು ಯಾರೂ ಎತ್ತಲಿಲ್ಲ. ಅಗಲ ಸರಿಯಾಗಿ ಹೊಂದಿದರೂ ಟ್ಯೂಬನ್ನು ಹಿಂದಿರುಗಿಸಬೇಕಾಗಿ ಬರುವುದು ಬಹುಪಾಲು ಇದರಿಂದಲೇ. ಕಾರಿನ ಚಕ್ರಗಳಲ್ಲಿರುವಂಥ ದಪ್ಪ ಶ್ರೇಡರ್ ವಾಲ್ವಿನ ಕಾಂಡ ಸುಮಾರು 8 ಮಿ.ಮೀ., ಸಪೂರವಾದ ಪ್ರೆಸ್ಟಾ ವಾಲ್ವಿನದು ಸುಮಾರು 6 ಮಿ.ಮೀ. ಪ್ರೆಸ್ಟಾಗೆಂದು ಕೊರೆದ ರಿಮ್ಮಿನ ತೂತಿನಲ್ಲಿ ಶ್ರೇಡರ್ ತೂರುವುದೇ ಇಲ್ಲ. ಶ್ರೇಡರ್ ತೂತಿನಲ್ಲಿ ಪ್ರೆಸ್ಟಾ ಹಾಕಬೇಕಾದರೆ ಅಲುಗಾಡದಂತೆ ನಡುವೆ ಒಂದು ಬಳೆ ಬೇಕು. ಹಳೆಯ ಟ್ಯೂಬನ್ನು ಬಿಚ್ಚಿ ಅದರ ವಾಲ್ವನ್ನು ನೋಡಿಯೇ ಹೊಸದನ್ನು ತರುವುದು ಉತ್ತಮ. ರಿಮ್ ಆಳವಾಗಿದ್ದರೆ ಉದ್ದವನ್ನೂ ಗಮನಿಸಬೇಕು: ಪಂಪಿನ ಬಾಯಿ ಕಚ್ಚಿಕೊಳ್ಳಲು ವಾಲ್ವ್ ಸಾಕಷ್ಟು ಹೊರಗಿರಬೇಕಾದ್ದರಿಂದ, 50 ಮಿ.ಮೀ. ಆಳದ ರಿಮ್ಮಿಗೆ 40 ಮಿ.ಮೀ. ವಾಲ್ವ್ ನಿಷ್ಪ್ರಯೋಜಕ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹಳೆಯದನ್ನು ಬಿಚ್ಚಿ ನೋಡಿದೆ, ಶ್ರೇಡರ್ ವಾಲ್ವಿದೆ. 35/43 ಟ್ಯೂಬನ್ನು ಅದೇ ವಾಲ್ವಿನೊಂದಿಗೆ ಕೊಳ್ಳುತ್ತೇನೆ. ಹಾಕುವ ಮೊದಲು ಅದಕ್ಕೆ ಗಾಳಿ ತುಂಬಬೇಕೇ?

ಉತ್ತರ 1

ದುಂಡಗಾಗುವಷ್ಟು ಮಾತ್ರ ತುಂಬಿ. ಟಯರಿನ ಅಂಚನ್ನು ರಿಮ್ಮಿಗೆ ಸೇರಿಸಿದ ಬಳಿಕ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಅಂಚನ್ನು ಸುತ್ತಲೂ ಬೆರಳಿನಿಂದ ಸರಿಸಿ ಟ್ಯೂಬ್ ಎಲ್ಲಿಯೂ ಇಣುಕುತ್ತಿಲ್ಲವೆಂದು ನೋಡಿಕೊಂಡು, ಆಮೇಲೆ ಪೂರ್ತಿ ಗಾಳಿ ಹೊಡೆಯಿರಿ.