ಒಂದೇ ಕಲ್ಲಿನ ಪುಡಿ, ಎರಡು ಆರ್ಸೆನಿಕ್ ಲೆಕ್ಕ

ಪ್ರಶ್ನೆ: ಸಂಶೋಧನಾರ್ಥಿ, ಬೆಂಗಳೂರು

ಹಟ್ಟಿ ಪಟ್ಟಿಯ ಶಿಲೆಗಳಲ್ಲಿ ಆರ್ಸೆನಿಕ್ ಅಳೆಯುವ ಮೊದಲು, ನಮ್ಮ ವಿಧಾನ ಸರಿಯಿದೆಯೇ ಎಂದು ನೋಡಲು ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಹಳೆಯ ಆಂಡೆಸೈಟ್ (ಜ್ವಾಲಾಮುಖಿ ಶಿಲೆ) ಪುಡಿ, ಅಂಶಗಳು ಮೊದಲೇ ಗೊತ್ತಿರುವ ಎಜಿವಿ-1 ಅನ್ನು ಬಳಸಿದೆ. ಅದರಲ್ಲಿ ಸುಮಾರು 0.9 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲಿನ ಲೆಕ್ಕ) ಆರ್ಸೆನಿಕ್ ಇರಬೇಕು. ತೆರೆದ ಟೆಫ್ಲಾನ್ ಬಟ್ಟಲಿನಲ್ಲಿ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲಗಳಿಂದ ಕರಗಿಸಿ ಆರ್ಸೆನಿಕ್ ಅನ್ನು ಹೈಡ್ರೈಡ್ ಅನಿಲವಾಗಿಸಿ ಅದು ಹೀರುವ ಬೆಳಕಿನಿಂದ ಅಳೆಯುವ ಹೈಡ್ರೈಡ್ ಎಎಎಸ್‌ನಲ್ಲಿ ಅಳೆದರೆ 0.4 ಬರುತ್ತದೆ, ಮುಚ್ಚಿದ ಪಾತ್ರೆಯಲ್ಲಿ ಕರಗಿಸಿ, ಅಡ್ಡಿಪಡಿಸುವ ಅಣುಗಳನ್ನು ತಡೆಯಲು ಹೀಲಿಯಂ ಹಾಯಿಸಿ, ಅಯಾನುಗಳನ್ನು ದ್ರವ್ಯರಾಶಿಯಿಂದ ಗುರುತಿಸಿ ಎಣಿಸುವ ಐಸಿಪಿ-ಎಂಎಸ್‌ನಲ್ಲಿ ಅಳೆದರೆ 1.2 ಬರುತ್ತದೆ. ಎರಡರಲ್ಲೂ ಬ್ಲ್ಯಾಂಕ್ (ಕಲ್ಲಿಲ್ಲದೆ ಆಮ್ಲಗಳಷ್ಟೇ ಇರುವ ದ್ರಾವಣದ ಅಳತೆ) ಕಳೆದಿದ್ದೇನೆ. ಯಾವುದನ್ನು ನಂಬಲಿ?

ಉತ್ತರ 1

ಸದ್ಯಕ್ಕೆ ಎರಡನ್ನೂ ನಂಬಬೇಡಿ. ಮೊದಲು 0.4 ನೋಡೋಣ. ಆರ್ಸೆನಿಕ್ ಟ್ರೈಫ್ಲೋರೈಡ್ ಸುಮಾರು 60 ಡಿಗ್ರಿಯಲ್ಲೇ ಕುದಿಯುವುದರಿಂದ, ಆರ್ಸೆನಿಕ್ ಮೂರರ ವೇಲೆನ್ಸಿಯಲ್ಲಿ ಉಳಿದಿದ್ದರೆ ತೆರೆದ ಬಟ್ಟಲಿನಿಂದ ಹೊಗೆಯ ಜೊತೆ ಹೊರಟುಹೋಗುತ್ತದೆ. ಕರಗಿಸುವಾಗ ಸ್ವಲ್ಪ ಪರ್ಮಾಂಗನೇಟ್ ಹಾಕಿ ಐದರ ವೇಲೆನ್ಸಿಯಲ್ಲಿ ಹಿಡಿದಿಡುವುದು ಹಳೆಯ ಕ್ರಮ. ಆದರೆ ಹಾಗೆ ಹಿಡಿದಿಟ್ಟದ್ದನ್ನು ಹೈಡ್ರೈಡ್‌ಗೆ ಮುನ್ನ ಪೊಟ್ಯಾಶಿಯಂ ಅಯೊಡೈಡ್ ಮತ್ತು ಆಸ್ಕಾರ್ಬಿಕ್ ಆಮ್ಲದಿಂದ ಪುನಃ ಮೂರಕ್ಕೆ ಇಳಿಸಬೇಕು, ಇಲ್ಲದಿದ್ದರೆ ಸಿಗ್ನಲ್ ಕುಗ್ಗುತ್ತದೆ. ನಷ್ಟ ಎಲ್ಲಾಯಿತೆಂದು ತಿಳಿಯಲು, ಗೊತ್ತಿರುವ ಪ್ರಮಾಣದ ಆರ್ಸೆನಿಕ್ ಅನ್ನು ಒಂದು ಬಟ್ಟಲಿಗೆ ಕರಗಿಸುವ ಮೊದಲೇ, ಇನ್ನೊಂದಕ್ಕೆ ಕರಗಿಸಿದ ಮೇಲೆ ಸೇರಿಸಿ ನೋಡಿ.

ಉತ್ತರ 2

1.2ರ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ದೂರುವುದು ಆರ್ಗಾನ್ ಕ್ಲೋರೈಡನ್ನು, ಆರ್ಸೆನಿಕ್‌ನಂತೆ ಅದರ ದ್ರವ್ಯರಾಶಿಯೂ 75 ಆದ್ದರಿಂದ. ಆದರೆ ಹೀಲಿಯಂ ಅದನ್ನು ತಡೆಯುತ್ತದೆ, ಆಮ್ಲದಿಂದ ಬಂದದ್ದು ಬ್ಲ್ಯಾಂಕಿನಲ್ಲೂ ಇರುತ್ತದೆ. ಬ್ಲ್ಯಾಂಕಿನಲ್ಲಿ ಕಾಣದೆ ಕಲ್ಲಿನಲ್ಲಷ್ಟೇ ಇರುವುದು ನಿಯೋಡಿಮಿಯಂ ಮತ್ತು ಸಮೇರಿಯಂ. ಇವೆರಡಕ್ಕೂ 150ರ ಐಸೊಟೋಪ್ ಇದೆ. ಉಪಕರಣ ನೋಡುವುದು ದ್ರವ್ಯರಾಶಿಯನ್ನು ಆವೇಶದಿಂದ ಭಾಗಿಸಿದ್ದನ್ನು, ಹಾಗಾಗಿ ಎರಡು ಧನಾವೇಶ ಹೊತ್ತಾಗ ಅದಕ್ಕೆ ಈ ಐಸೊಟೋಪ್ 75 ಆಗಿಯೇ ಕಾಣುತ್ತದೆ, ಹೀಲಿಯಂ ಅದನ್ನು ನಿವಾರಿಸುವುದಿಲ್ಲ. ಆರ್ಸೆನಿಕ್ ಇಲ್ಲದ ಶುದ್ಧ ನಿಯೋಡಿಮಿಯಂ ದ್ರಾವಣವನ್ನು ಹಾಯಿಸಿ 75ರಲ್ಲಿ ಎಣಿಕೆ ನೋಡಿ, ಗುಟ್ಟು ಹೊರಬೀಳುತ್ತದೆ. ಮೊದಲೇ 75 ಅನ್ನಷ್ಟೇ ಒಳಬಿಡುವ ಟ್ರಿಪಲ್ ಕ್ವಾಡ್ರುಪೋಲ್ ಉಪಕರಣ ಇದ್ದರೆ ಆರ್ಸೆನಿಕ್‌ಗೆ ಆಮ್ಲಜನಕ (16) ಸೇರಿಸಿ 91ರಲ್ಲಿ ಅಳೆಯಬಹುದು. ಸಾಮಾನ್ಯ ಉಪಕರಣದಲ್ಲಿ ಮಾತ್ರ ಹಾಗೆ ಮಾಡಬೇಡಿ, ಕಲ್ಲಿನಲ್ಲಿ ಧಾರಾಳವಾಗಿರುವ ಜಿರ್ಕೋನಿಯಂನ 91 ಅಲ್ಲಿ ಕೂತಿರುತ್ತದೆ.

ಉತ್ತರ 3

ಟ್ರಿಪಲ್ ಕ್ವಾಡ್ರುಪೋಲ್ ಇಲ್ಲದಿದ್ದರೆ ಮುಚ್ಚಿದ ಪಾತ್ರೆಯ ದ್ರಾವಣವನ್ನೇ ಹೈಡ್ರೈಡ್‌ಗೆ ಕೊಡಿ. ನಿಯೋಡಿಮಿಯಂ, ಸಮೇರಿಯಂನಂಥ ಅಪರೂಪದ ಮಣ್ಣಿನ ಧಾತುಗಳು ಹೈಡ್ರೈಡ್ ಆಗಿ ಹೊರಬರುವುದಿಲ್ಲ. ಉಳಿದ ನೈಟ್ರಿಕ್ ಅನ್ನು ಆವಿ ಮಾಡಿ ಕಳೆಯುವುದನ್ನು ಮರೆಯಬೇಡಿ. ಅದು ಅಯೊಡೈಡನ್ನು ತಿಂದುಬಿಡುತ್ತದೆ, ದ್ರಾವಣ ಕಂದು ಬಣ್ಣಕ್ಕೆ ತಿರುಗುತ್ತದೆ.

ಪ್ರಶ್ನೆ ಕೇಳಿದವರು

ಮೊನ್ನೆ ಅಳೆಯುವಾಗ ನನ್ನ ಬಾಟಲಿಗಳು ಬ್ರೂ ಕಾಫಿಯ ಬಣ್ಣದಲ್ಲಿದ್ದವು. ಅದು ಕಬ್ಬಿಣದ ಬಣ್ಣವೆಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ.