67 ವರ್ಷ ಆಯಿತು, ಕಾರಿನ ಕೆಲಸ ಇನ್ನೂ ನಾನೇ ಮಾಡಬಹುದಾ? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನಗೀಗ 67. ಸುಮಾರು 40 ವರ್ಷದಿಂದ ನನ್ನ ಕಾರಿನ ಕೆಲಸ ನಾನೇ ಮಾಡಿಕೊಂಡು ಬಂದಿದ್ದೇನೆ. ಆಯಿಲ್, ಬ್ರೇಕ್ ಪ್ಯಾಡ್, ಪ್ಲಗ್, ಬೆಲ್ಟ್, ಒಂದು ಸಲ ಕ್ಲಚ್ ಪ್ಲೇಟ್ ಕೂಡ. ಹೋದ ತಿಂಗಳು ಆಯಿಲ್ ಬದಲಿಸಲು ಕಾರಿನ ಅಡಿಗೆ ಹೋಗಿದ್ದೆ. ಕೆಲಸ ಮುಗಿಯಿತು. ಹೊರಗೆ ಬರಲು ಮಾತ್ರ ಆಗಲಿಲ್ಲ. ಸೊಂಟ ಹಿಡಿದುಕೊಂಡಿತು. ಹತ್ತು ನಿಮಿಷ ಹಾಗೇ ಮಲಗಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ, ಫೋನು ಒಳಗೆ ಮೇಜಿನ ಮೇಲಿತ್ತು. ವಿಷಯ ಗೊತ್ತಾದ ಮೇಲೆ ಮಗಳು "ಅಪ್ಪಾ, ಇನ್ನು ಮುಟ್ಟಬೇಡಿ" ಅಂದಿದ್ದಾಳೆ. ಪೂರ್ತಿ ಬಿಟ್ಟುಬಿಡಬೇಕಾ? ಬಿಡುವುದಾದರೆ ಮೊದಲು ಯಾವುದನ್ನು ಬಿಡಲಿ?

ಮೆಕ್ಯಾನಿಕ್:
ನಮಸ್ಕಾರ ಸಾರ್. ನನಗೆ 59. ಈ ಕೆಲಸಕ್ಕೆ ಬಂದು 36 ವರ್ಷ ಆಯಿತು. ಇದೇ ಪ್ರಶ್ನೆ ನನ್ನ ಮೊಣಕಾಲು ನನ್ನನ್ನೂ ದಿನಾ ಕೇಳುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪೂರ್ತಿ ಬಿಡಬೇಡಿ. ಕಾರಿನ ಅಡಿಗೆ ಹೋಗುವ ಕೆಲಸ ಮಾತ್ರ ಇವತ್ತೇ ಬಿಡಿ.

ನಾವೆಲ್ಲ ಒಂದು ತಪ್ಪು ಮಾಡುತ್ತೇವೆ. ವಯಸ್ಸಾಯಿತು ಅಂತ ಕಷ್ಟದ ಕೆಲಸ ಬಿಟ್ಟು ಸುಲಭದ್ದು ಇಟ್ಟುಕೊಳ್ಳುತ್ತೇವೆ. ಆಯಿಲ್ ಬದಲಿಸುವುದು ಸುಲಭ, ಅಲ್ವಾ? ಆದರೆ ಅದಕ್ಕೆ ಒಂದು ಟನ್ ತೂಕದ ಕೆಳಗೆ ಮಲಗಬೇಕು. ಪ್ಲಗ್ ಬದಲಿಸುವುದು ಅದಕ್ಕಿಂತ ನಾಜೂಕಿನ ಕೆಲಸ, ಆದರೂ ನಿಂತುಕೊಂಡೇ ಮಾಡಬಹುದು. ಹಾಗಾಗಿ ಕೆಲಸ ಕಷ್ಟವೋ ಸುಲಭವೋ ಅಂತ ನೋಡಬೇಡಿ. ಏನಾದರೂ ಎಡವಟ್ಟಾದರೆ ಆ ಹೊತ್ತಿಗೆ ನೀವು ಎಲ್ಲಿರುತ್ತೀರಿ ಅಂತ ನೋಡಿ. ಪಕ್ಕದಲ್ಲಿ ನಿಂತಿದ್ದರೆ ಹಿಂದಕ್ಕೆ ಸರಿಯಬಹುದು. ಅಡಿಯಲ್ಲಿದ್ದರೆ ಎಲ್ಲಿಗೆ ಸರಿಯುತ್ತೀರಿ?

ನನಗೆ 51 ಇದ್ದಾಗ ನಡೆದದ್ದು ಹೇಳುತ್ತೇನೆ. ನೆಲ ಸ್ವಲ್ಪವೇ ಸ್ವಲ್ಪ ಇಳಿಜಾರು. ಎರಡು ನಿಮಿಷದ ಕೆಲಸ ಅಂತ ಚಕ್ರಕ್ಕೆ ಅಡ್ಡ ಕೊಡಲಿಲ್ಲ, ಕಾರಿನ ಭಾರ ಹೊರುವ ಸ್ಟ್ಯಾಂಡ್ ಇಡಲಿಲ್ಲ, ಜಾಕ್ ಮೇಲೇ ಬಿಟ್ಟೆ. ಚಕ್ರ ಬಿಚ್ಚಿ ಪಕ್ಕಕ್ಕೆ ಇಡಲು ತಿರುಗಿದೆ. ಕಾರು ಒಂದು ಗೇಣು ಮುಂದೆ ಹೋಯಿತು, ಜಾಕ್ ಮಗುಚಿಕೊಂಡಿತು, ಬ್ರೇಕ್ ಡಿಸ್ಕ್ ನೆಲಕ್ಕೆ ಬಡಿಯಿತು. ಅರ್ಧ ನಿಮಿಷದ ಹಿಂದೆ ನನ್ನ ಕೈ ಅಲ್ಲೇ ಇತ್ತು. ಅವತ್ತಿನಿಂದ ಒಂದು ದಿನವೂ ಸ್ಟ್ಯಾಂಡ್ ಇಲ್ಲದೆ ಚಕ್ರ ಬಿಚ್ಚಿಲ್ಲ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಇರುವುದು ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದನ್ನು ನಂಬಿ ಅಡಿಗೆ ಹೋಗುವ ಕೆಲಸ ಯಾವ ವಯಸ್ಸಿನಲ್ಲೂ ಬೇಡ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಅಡಿಗೆ ಅಡ್ಡ ಮಲಗಿಸಿಡಿ. ಸ್ಟ್ಯಾಂಡ್ ಕೈಕೊಟ್ಟರೂ ಕಾರು ಅದರ ಮೇಲೆ ಕೂರುತ್ತದೆ.

ಇನ್ನು ನಿಮ್ಮ ಆಯಿಲ್ ವಿಷಯ. ಅಡಿಗೆ ಹೋಗದೆಯೂ ಬದಲಿಸಬಹುದು. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಹಾಕುವ ಕೊಳವೆಯಲ್ಲಿ ತೆಳು ಪೈಪು ಇಳಿಸಿ ಮೇಲಿಂದ ಆಯಿಲ್ ಎಳೆಯುವ ಕೈಪಂಪು ಸಿಗುತ್ತದೆ. ಇಂಜಿನ್ ಬೆಚ್ಚಗಿರಬೇಕು, ಸುಡುವಷ್ಟು ಬಿಸಿ ಇರಬಾರದು. ಬೆಚ್ಚಗಿದ್ದರೆ ಆಯಿಲ್ ತೆಳುವಾಗಿ ಬೇಗ ಬರುತ್ತದೆ. ಹೊರಗೆ ಬಂದದ್ದನ್ನು ಅಳೆಯಿರಿ. ಕಾರಿನ ಪುಸ್ತಕದಲ್ಲಿ ಎಷ್ಟು ಲೀಟರ್ ಅಂತ ಇರುತ್ತದೆ. ತುಂಬಾ ಕಡಿಮೆ ಬಂದಿದ್ದರೆ ಪೈಪು ತಳ ಮುಟ್ಟಿಲ್ಲ ಅಂತ ಅರ್ಥ. ಕೆಲವು ಕಾರಿನಲ್ಲಿ ಮುಟ್ಟುವುದೂ ಇಲ್ಲ. ಫಿಲ್ಟರ್ ಬಾನೆಟ್ ಕಡೆಯಿಂದ ಕೈಗೆ ಸಿಗುವ ಹಾಗಿದ್ದರೆ ಪೂರ್ತಿ ಕೆಲಸ ನಿಮ್ಮದೇ. ಫಿಲ್ಟರ್ ಅಡಿಯಲ್ಲಿದ್ದರೆ ಆ ಒಂದು ಕೆಲಸ ಗ್ಯಾರೇಜಿಗೆ ಕೊಡಿ. ಹಳೆ ಆಯಿಲ್ ಕ್ಯಾನಿನಲ್ಲಿ ತುಂಬಿ ತೆಗೆದುಕೊಳ್ಳುವವರಿಗೆ ಕೊಡಿ. ಚರಂಡಿಗೆ, ಮಣ್ಣಿಗೆ ಖಂಡಿತ ಬೇಡ.

ಬ್ರೇಕ್ ಪ್ಯಾಡ್ ವಿಷಯ ಬೇರೆ. ಕೆಳ ಸ್ಟೂಲಿನ ಮೇಲೆ ಕೂತು ಮಾಡಬಹುದು. ನಿಮ್ಮ ಕೈಗೆ ಅದು ಪಳಗಿದೆ. ಆದರೆ ಕಣ್ಣು ಸರಿಯಾಗಿ ಕಾಣಬೇಕು, ಬೋಲ್ಟು ಬಿಗಿ ಮಾಡಲು ಟಾರ್ಕ್ ರೆಂಚ್, ಅಂದರೆ ಎಷ್ಟು ಬಿಗಿ ಆಯಿತು ಅಂತ ಅಳೆಯುವ ಪಾನಾ, ಇರಬೇಕು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಬ್ರೇಕ್ ಮುಟ್ಟಬೇಡಿ. ಮುಗಿದ ಮೇಲೆ ಕಾರು ಅಲುಗಿಸುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ. ಹೊಸ ಪ್ಯಾಡ್ ಹಾಕಲು, ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಿ. ಒತ್ತದೆ ಹೊರಟರೆ ಮೊದಲ ಸಲ ಬ್ರೇಕ್ ಹಿಡಿಯುವುದಿಲ್ಲ. ಅನುಭವ ಇರುವವರೂ ಇದನ್ನು ಮರೆತು ಗೋಡೆಗೆ ಹೊಡೆದದ್ದು ನೋಡಿದ್ದೇನೆ.

ಫೋನು ಜೇಬಿನಲ್ಲಿರಲಿ. ಮನೆಯಲ್ಲಿ ಯಾರಾದರೂ ಇದ್ದಾಗಲೇ ಕೆಲಸ ಶುರು ಮಾಡಿ.

ಪ್ರಶ್ನೆ (ಇನ್ನೊಬ್ಬರು):
ನನಗೆ 58. ಶಕ್ತಿ ಪರವಾಗಿಲ್ಲ, ಕಣ್ಣೇ ತೊಂದರೆ. ಬೋಲ್ಟಿನ ತಲೆ ಕಾಣುವುದಿಲ್ಲ. ಚಿಕ್ಕ ಸ್ಕ್ರೂ ಬೀಳಿಸಿಕೊಂಡು ಅರ್ಧ ದಿನ ಹುಡುಕುತ್ತೇನೆ. ಹಳೆಯ ನಟ್ಟು ಬಿಚ್ಚಲೂ ಮೊದಲಿನ ಹಾಗೆ ಆಗುತ್ತಿಲ್ಲ.

ಮೆಕ್ಯಾನಿಕ್:
ನಿಮ್ಮ ಕನ್ನಡಕ ಯಾವುದು ಅಣ್ಣ? ಮೇಲೆ ದೂರ, ಕೆಳಗೆ ಹತ್ತಿರ ಕಾಣುವುದಾ? ಹಾಗಿದ್ದರೆ ತೊಂದರೆ ಅಲ್ಲೇ ಇದೆ. ಡ್ಯಾಶ್‌ಬೋರ್ಡ್ ಅಡಿಗೆ ತಲೆ ಹಾಕಿ ಮೇಲಕ್ಕೆ ನೋಡುವಾಗ ಗಾಜಿನ ಮೇಲ್ಭಾಗದಿಂದ ನೋಡುತ್ತೀರಿ. ಅದು ದೂರದ ಭಾಗ. ಎದುರಿಗಿರುವ ಬೋಲ್ಟು ಮಸುಕಾಗದೆ ಇನ್ನೇನು? ನಾನು ಎರಡು ವರ್ಷ ಇದು ಗೊತ್ತಾಗದೆ ಕತ್ತು ನೋಯಿಸಿಕೊಂಡೆ. ಕಣ್ಣಿನ ಡಾಕ್ಟರಿಗೆ ನೀವು ಕೆಲಸ ಮಾಡುವ ದೂರ ಕೈಯಲ್ಲಿ ಅಳೆದು ತೋರಿಸಿ. ಪೂರ್ತಿ ಗಾಜು ಆ ಒಂದೇ ದೂರಕ್ಕೆ ಇರುವ ಬೇರೆ ಕನ್ನಡಕ ಮಾಡಿಸಿಕೊಳ್ಳಿ. ಜೊತೆಗೆ ಹಣೆಗೆ ಕಟ್ಟುವ ಲೈಟು. ವಯಸ್ಸಾದ ಕಣ್ಣಿಗೆ ಬೆಳಕು ಜಾಸ್ತಿ ಬೇಕು, ಯೌವನದಲ್ಲಿ ಸಾಕಾಗುತ್ತಿದ್ದ ಬಲ್ಬು ಈಗ ಸಾಲುವುದಿಲ್ಲ.

ಬಿಚ್ಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆಯಿರಿ. ಕೆಳಗೆ ಬಿಳಿ ಬಟ್ಟೆ ಹಾಸಿ. ಬಿದ್ದದ್ದು ತಕ್ಷಣ ಕಾಣುತ್ತದೆ. ಮೂಲೆಗೆ ಹೋದದ್ದನ್ನು ಎತ್ತಲು ಉದ್ದ ಕಡ್ಡಿಯ ಮ್ಯಾಗ್ನೆಟ್ ಇಟ್ಟುಕೊಳ್ಳಿ. ಪೂರ್ತಿ ಬಿಗಿ ಮಾಡಿದ ಬೋಲ್ಟಿನ ಮೇಲೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮಧ್ಯೆ ಯಾರೋ ಕರೆದು ಎದ್ದು ಹೋದರೂ ಯಾವುದು ಆಗಿದೆ, ಯಾವುದು ಬಾಕಿ ಅಂತ ಬಂದು ನೆನಪು ಮಾಡಿಕೊಳ್ಳಬೇಕಾಗಿಲ್ಲ.

ಬಲದ ವಿಷಯಕ್ಕೆ ಬರೋಣ. ಚಕ್ರದ ನಟ್ಟು ಬಹಳಷ್ಟು ಕಾರುಗಳಲ್ಲಿ 100 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸಿನಲ್ಲಿ ಬಿಗಿ ಇರುತ್ತದೆ. 25 ಸೆಂಟಿಮೀಟರ್ ಪಾನಾದಲ್ಲಿ ಅದಕ್ಕೆ ಸುಮಾರು 40 ಕೆಜಿ ಭಾರ ಬೇಕು. 50 ಸೆಂಟಿಮೀಟರ್ ಹಿಡಿ ಇದ್ದರೆ 20 ಕೆಜಿ ಸಾಕು. ತುಕ್ಕು ಹಿಡಿದಿದ್ದರೆ ಲೆಕ್ಕ ಮೇಲಕ್ಕೆ ಹೋಗುತ್ತದೆ. ನಮ್ಮ ತೋಳಿನ ಬಲ ಕಡಿಮೆಯಾದದ್ದನ್ನು ಹಿಡಿಯ ಉದ್ದ ತುಂಬಿಕೊಡುತ್ತದೆ. ಬಿಚ್ಚುವುದಕ್ಕೆ ಅಂತಲೇ ಇರುವ ಉದ್ದ ಬಾರ್ ತೆಗೆದುಕೊಳ್ಳಿ. ಒಂದೇ ಕಡೆಗೆ ಕಚ್ಚಿ ತಿರುಗಿಸುವ ರಾಟ್ಚೆಟ್ ಪಾನಾದ ಹಿಡಿಗೆ ಪೈಪು ಸಿಕ್ಕಿಸಬೇಡಿ, ಒಳಗಿನ ಹಲ್ಲು ಮುರಿದರೆ ನೀವು ಮುಗ್ಗರಿಸುತ್ತೀರಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ. ತುಕ್ಕು ಹಿಡಿದ ಬೋಲ್ಟಿಗೆ ತುಕ್ಕು ಬಿಡಿಸುವ ಆಯಿಲ್ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೊದಲು ಕೂದಲೆಳೆಯಷ್ಟು ಬಿಗಿ ಕಡೆಗೆ ತಿರುಗಿಸಿ, ನಂತರ ಬಿಚ್ಚಿ. ತುಕ್ಕಿನ ಹಿಡಿತ ಒಡೆಯುತ್ತದೆ. ನನ್ನ ಹುಡುಗರು ಅವಸರದಲ್ಲಿ ತಲೆ ಮುರಿದ ಬೋಲ್ಟುಗಳಿಗೆ ಲೆಕ್ಕವಿಲ್ಲ. ನಮ್ಮ ವಯಸ್ಸಿನವರಿಗೆ ಕಾಯುವುದು ಗೊತ್ತು, ಅದನ್ನು ಬಳಸಿಕೊಳ್ಳಿ.

ಪ್ರಶ್ನೆ (ಒಬ್ಬ ಮಗಳು):
ಸಾರ್, ನಮ್ಮ ತಂದೆಗೆ 74. ರಕ್ತ ತೆಳು ಮಾಡುವ ಮಾತ್ರೆ, ಬಿಪಿ ಮಾತ್ರೆ ಎರಡೂ ಇವೆ. ಕಾರು ಮುಟ್ಟಬೇಡಿ ಅಂದರೆ ಎರಡು ದಿನ ಮಾತೇ ಆಡುವುದಿಲ್ಲ. ಹೇಗೆ ಹೇಳಲಿ?

ಮೆಕ್ಯಾನಿಕ್:
ಅಮ್ಮಾ, "ಮುಟ್ಟಬೇಡಿ" ಅಂತ ಹೇಳಬೇಡಿ. "ಯಾವ ಕೆಲಸಕ್ಕೆ ನನ್ನನ್ನು ಕರೆಯುತ್ತೀರಿ ಅಪ್ಪಾ?" ಅಂತ ಕೇಳಿ. ಭಾರ ಎತ್ತುವುದು, ಬಗ್ಗುವುದು ನಿಮ್ಮದಾಗಲಿ. ಯಾವುದನ್ನು ಬಿಚ್ಚಬೇಕು, ಎಷ್ಟು ತಿರುಗಿಸಬೇಕು ಅನ್ನುವುದು ಅವರದಾಗಲಿ. ನಮ್ಮ ಗ್ಯಾರೇಜಿನಲ್ಲೂ ಹೀಗೇ ನಡೆಯುತ್ತದೆ. ಗೇರ್‌ಬಾಕ್ಸ್ ಇಳಿಸುವುದು ಹುಡುಗರು, ತೊಂದರೆ ಎಲ್ಲಿದೆ ಅಂತ ಹೇಳುವುದು ನಾನು. ಅದರಿಂದ ನನಗೆ ಯಾವತ್ತೂ ಕಡಿಮೆ ಅನಿಸಿಲ್ಲ.

ಆ ಮಾತ್ರೆಗಳಿರುವಾಗ ಗಾಯದ ಬಗ್ಗೆ ಗಮನ ಇರಲಿ. ಬೆರಳ ಗೆಣ್ಣು ಒಡೆಯುವುದು ಪಾನಾ ಜಾರಿದಾಗ. ಪಾನಾ ಯಾವಾಗಲೂ ತನ್ನ ಕಡೆಗೆ ಎಳೆಯಬೇಕು. ತಳ್ಳಲೇಬೇಕಾದರೆ ಬೆರಳು ಮಡಚದೆ ಅಂಗೈಯಲ್ಲಿ ತಳ್ಳಬೇಕು. ಕೈಗೆ ಸರಿಯಾಗಿ ಕೂರುವ ಗ್ಲೌಸ್ ಹಾಕಿಕೊಳ್ಳಲಿ, ಆದರೆ ಇಂಜಿನ್ ಓಡುವಾಗ ಬೆಲ್ಟಿನ ಹತ್ತಿರ ಗ್ಲೌಸ್ ಹಾಕಿದ ಕೈ ಹೋಗಬಾರದು. ಇಂಜಿನ್ ನಿಲ್ಲಿಸಿದ ಮೇಲೂ ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ತಾನೇ ತಿರುಗುತ್ತದೆ, ಅಲ್ಲಿಗೂ ಕೈ ಬೇಡ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಗ್ಗಿದ್ದು ತಟ್ಟನೆ ಎದ್ದರೆ ತಲೆ ಸುತ್ತಬಹುದು. ಪಕ್ಕದಲ್ಲಿ ಗಟ್ಟಿ ಕುರ್ಚಿ ಇಡಿ. ತಲೆಗೆ ಪೆಟ್ಟು ಬಿದ್ದರೆ, ರಕ್ತ ಕಾಣದಿದ್ದರೂ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರನ್ನು ಡಾಕ್ಟರಿಗೆ ತೋರಿಸಲೇಬೇಕು.

ಪ್ರಶ್ನೆ (ಇನ್ನೊಬ್ಬರು):
ನನಗೆ ಪೇಸ್‌ಮೇಕರ್ ಇದೆ. ಬಾನೆಟ್ ತೆಗೆಯಬಹುದಾ?

ಮೆಕ್ಯಾನಿಕ್:
ಇಂಜಿನ್ ಆಫ್ ಮಾಡಿ ನೀರು, ಆಯಿಲ್, ಏರ್ ಫಿಲ್ಟರ್ ನೋಡಿಕೊಳ್ಳಬಹುದು. ಓಡುತ್ತಿರುವ ಇಂಜಿನ್ ಮೇಲೆ ಎದೆ ಬಗ್ಗಿಸಬೇಡಿ. ಜಂಪ್ ಕೇಬಲ್, ವೆಲ್ಡಿಂಗ್, ಬ್ಯಾಟರಿ ಚಾರ್ಜರ್ ಬೇರೆಯವರಿಗೆ ಬಿಡಿ. ನಿಮ್ಮ ಪೇಸ್‌ಮೇಕರ್‌ಗೆ ಎಷ್ಟು ದೂರ ಇರಬೇಕು ಅಂತ ಅದನ್ನು ನೋಡಿಕೊಳ್ಳುವ ಡಾಕ್ಟರನ್ನೇ ಕೇಳಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ವೈರುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅದಕ್ಕೆ ಅಂತ ಕಲಿಯದ ಯಾರೂ ಅವನ್ನು ಮುಟ್ಟಬಾರದು.

ಪ್ರಶ್ನೆ (ಮತ್ತೊಬ್ಬರು):
ನನಗೆ 61. ಇಷ್ಟು ವರ್ಷ ಕಾರಿನ ಕೆಲಸವೆಲ್ಲ ಯಜಮಾನರು ನೋಡಿಕೊಳ್ಳುತ್ತಿದ್ದರು, ಈಗ ಅವರಿಲ್ಲ. ಈ ವಯಸ್ಸಿನಲ್ಲಿ ಕಲಿಯಲು ಶುರು ಮಾಡಬಹುದಾ?

ಮೆಕ್ಯಾನಿಕ್:
ಖಂಡಿತ ಮಾಡಬಹುದು ಮೇಡಂ. ಕಾರಿನ ಜೊತೆ ಬಂದ ಪುಸ್ತಕ ಹುಡುಕಿ ತೆಗೆಯಿರಿ. ಮೊದಲು ಟೈರಿನ ಗಾಳಿ. ಕಾರು ನಿಂತು ಕೆಲವು ಗಂಟೆ ಆದ ಮೇಲೆ, ಟೈರು ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕು ಅಂತ ಬಹಳಷ್ಟು ಕಾರುಗಳಲ್ಲಿ ಡ್ರೈವರ್ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿ ಇರುತ್ತದೆ. ಆಮೇಲೆ ವೈಪರ್, ಎಸಿ ಫಿಲ್ಟರ್, ಏರ್ ಫಿಲ್ಟರ್, ಫ್ಯೂಸು. ಇವಕ್ಕೆ ಬಲ ಬೇಕಾಗುವುದೇ ಇಲ್ಲ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು ತೆಗೆಯಿರಿ, ಹಾಕುವಾಗ ಮೈನಸ್ ಕೊನೆಗೆ. ಆದರೆ ಅದನ್ನು ಎತ್ತಬೇಡಿ. 10ರಿಂದ 15 ಕೆಜಿ ತೂಕ, ಅದೂ ಬಗ್ಗಿಕೊಂಡು ಎತ್ತಬೇಕು. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ. ಅನುಮಾನ ಬಂದಾಗ ಇಲ್ಲೇ ಕೇಳಿ. ಯಾವ ಪ್ರಶ್ನೆಯೂ ಚಿಕ್ಕದಲ್ಲ.

ಮೊದಲು ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಅಡಿಗೆ ಹೋಗುವುದು ಬಿಟ್ಟೆ. ಮಗಳಿಗೂ ಹೇಳಿದೆ. ಒಂದೇ ಒಂದು ಸಂಕಟ. ಗ್ಯಾರೇಜಿಗೆ ಕೊಟ್ಟರೆ ಕಾರು ನನ್ನ ಕೈ ತಪ್ಪಿದ ಹಾಗೆ ಅನಿಸುತ್ತದೆ.

ಮೆಕ್ಯಾನಿಕ್:
ಕೈ ತಪ್ಪುವುದಿಲ್ಲ ಸಾರ್. "ಏನೋ ಸದ್ದು ಬರುತ್ತಿದೆ" ಅಂತ ಕಾರು ಬಿಟ್ಟು ಹೋಗುವವರೇ ಜಾಸ್ತಿ. ನೀವು ಹಾಗಲ್ಲ. ವೇಗದ ಜೊತೆ ಏರುವ ಗುಂಯ್ ಸದ್ದು, ಒಂದು ಕಡೆ ತಿರುಗಿದಾಗ ಜಾಸ್ತಿ ಆದರೆ ಚಕ್ರದ ಬೇರಿಂಗ್ ಇರಬಹುದು ಅಂತ ನಿಮಗೆ ಗೊತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಅಂದರೆ ಆಕ್ಸಲ್ ಜಾಯಿಂಟ್ ನೋಡಬೇಕು ಅಂತ ಗೊತ್ತು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಿ: ಯಾವಾಗ ಬರುತ್ತದೆ, ಎಷ್ಟು ವೇಗದಲ್ಲಿ, ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ. ಅಂಥ ಚೀಟಿ ಕೈಗೆ ಬಂದರೆ ನನ್ನ ಅರ್ಧ ಕೆಲಸ ಮುಗಿದ ಹಾಗೆ. ಬದಲಿಸಿದ ಹಳೆ ಸಾಮಾನು ವಾಪಸ್ ಕೇಳಿ ತೆಗೆದುಕೊಳ್ಳಿ, ಕೈಯಲ್ಲಿ ಹಿಡಿದು ನೋಡಿ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ವಯಸ್ಸಾದಂತೆ ಕಿವಿಗೆ ಮೊದಲು ಕೇಳದಾಗುವುದು ಕೀಚಲು ಸದ್ದು. ಬ್ರೇಕ್ ಪ್ಯಾಡ್ ಸವೆದಾಗ ಎಚ್ಚರಿಸುವ ತಗಡು ಕೊಡುವುದು ಅದೇ ಸದ್ದು. ದಡದಡ, ಗುಂಯ್ ನಿಮಗೆ ಚೆನ್ನಾಗಿ ಕೇಳುತ್ತದೆ, ಕೀಚಲು ತಪ್ಪಿಹೋಗಬಹುದು. ಆಗಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ.

ಮೊದಲು ಪ್ರಶ್ನೆ ಕೇಳಿದವರು:
ಇದು ನನಗೆ ಹೊಳೆದೇ ಇರಲಿಲ್ಲ. ನಾಳೆ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗುತ್ತೇನೆ.

ಮೆಕ್ಯಾನಿಕ್:
ರೇಡಿಯೋ, ಎಸಿ ಆಫ್ ಮಾಡಿ. ಕಿಟಕಿ ಇಳಿಸಿ. ಉದ್ದ ಗೋಡೆ ಇರುವ ಕಡೆ ಗೋಡೆ ಪಕ್ಕದಲ್ಲೇ ನಿಧಾನವಾಗಿ ಹೋಗಿ, ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಎರಡು ಸಲ ಹಗುರವಾಗಿ ಬ್ರೇಕ್ ಒತ್ತಿ. ಅವಳಿಗೆ ಏನು ಕೇಳಿಸಿತು ಅಂತ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.