ಬಾಯಿಮಾತಲ್ಲಿ ಸಿಸಿಟಿವಿ ಡಿಸ್ಕ್ ಕೇಳಿದರೆ ಕೊಡಬೇಕಾ? ಗೊತ್ತಿದ್ದವರು ಹೇಳಿ

ಪ್ರಶ್ನೆ: ಮೈಸೂರು ಸರಸ್ವತಿಪುರಂ, ಹುಡುಗಿಯರ ಪಿ.ಜಿ., 20 ಹಾಸಿಗೆ, 8 ಕ್ಯಾಮೆರಾ. ಕೇಸ್ ನಂಬರೂ ಇಲ್ಲ, ನೋಟಿಸೂ ಇಲ್ಲ, ಪೂರಾ ಹಾರ್ಡ್‌ಡಿಸ್ಕ್ ಬೇಕಂತೆ ಪೊಲೀಸರಿಗೆ. ಏನ್ಮಾಡ್ಲಿ?

ಒಂಟಿಕೊಪ್ಪಲಿನವ: ಡಿಸ್ಕ್ ಬಿಚ್ಚಲೇಬೇಡಿ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಪೊಲೀಸ್ ತನಿಖೆಯ ಕ್ರಮ ಹೇಳೋ ಕಾನೂನು) 94ನೇ ಕಲಮಿನ ಲಿಖಿತ ಆದೇಶ ಕೇಳಿ. ಠಾಣಾಧಿಕಾರಿಯೇ ಕೊಡಬಹುದು, ಕೋರ್ಟಿನ ತನಕ ಹೋಗಬೇಕಿಲ್ಲ. ಯಾವ ಕ್ಯಾಮೆರಾ, ಯಾವ ತಾರೀಖು, ಎಷ್ಟರಿಂದ ಎಷ್ಟು ಗಂಟೆ ಅನ್ನೋದು ಅದರಲ್ಲಿರಲಿ. ಅಷ್ಟನ್ನೇ ಪೆನ್‌ಡ್ರೈವ್‌ಗೆ ಇಳಿಸಿ, ಎಸ್‌ಎಚ್‌ಎ-256 ಹ್ಯಾಶ್ (ಫೈಲ್ ಒಂಚೂರು ಬದಲಾದರೂ ತೋರಿಸಿಕೊಡೋ ಗುರುತು ಸಂಖ್ಯೆ) ತೆಗೆದು, ಸಾಕ್ಷ್ಯ ಅಧಿನಿಯಮ 63(4)ರಲ್ಲಿ ಡಿಜಿಟಲ್ ಸಾಕ್ಷ್ಯಕ್ಕೆ ಕೇಳೋ ಪ್ರಮಾಣಪತ್ರದ 'ಎ' ಭಾಗ ತುಂಬಿ. 'ಬಿ' ಭಾಗ ತಜ್ಞರದ್ದು, ಕೈ ಹಾಕಬೇಡಿ. ನಿಮ್ಮ ಪ್ರತಿಗೆ ಸ್ವೀಕೃತಿ ಸಹಿ ಬೇಕೇ ಬೇಕು. ಡಿವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡೋ ಪೆಟ್ಟಿಗೆ) ಗಡಿಯಾರ ಹಿಂದೆ ಬಿದ್ದಿದ್ದರೆ ಈಗ ತಿದ್ದಬೇಡಿ, ವ್ಯತ್ಯಾಸ ಎಷ್ಟು ಅಂತ ಬರೆದುಕೊಡಿ. ತಿದ್ದಿದರೆ ಕೋರ್ಟಲ್ಲಿ ಮೊದಲ ಪ್ರಶ್ನೆಯೇ ಅದು.

ಮಂಡ್ಯದ್ ಹೈದ: ಬಂದ್ರಪ್ಪಾ ಪಂಡಿತ್ರು! ಫೋನ್ ಕದ್ದು ಕೇಳೋಕೇ ಈ ದೇಶದಲ್ಲಿ ಜಡ್ಜ್ ವಾರಂಟ್ ಬೇಡ. ಗೃಹ ಕಾರ್ಯದರ್ಶಿ ಸಹಿ ಸಾಕು, 60 ದಿನ, ಎಳುದ್ರೆ 180. ಪಿ.ಜಿ. ಡಿಸ್ಕಿಗೆ ಯಾರ್ ಅಳ್ತಾರೆ? 94 ಕೇಳುದ್ರೆ ಅದೇ ಕಾನೂನಿನ 185 ಹಾಕ್ತಾರೆ, ವಾರಂಟ್ ಇಲ್ದೆ ಶೋಧ. ಆಗ ಡಿವಿಆರೇ ಎದ್ದೋಯ್ತದೆ. ಕೊಟ್ಟು ಕೈ ತೊಳ್ಕಳಿ.

ಒಂಟಿಕೊಪ್ಪಲಿನವ: 185 ಪೂರ್ತಿ ಓದಿ ಸ್ವಾಮಿ. ತನಿಖೆಯಲ್ಲಿರೋ ಅಪರಾಧ ಇರಬೇಕು, ಕಾರಣ ಮೊದಲೇ ಬರೆದಿಡಬೇಕು, 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಪ್ರತಿ ಹೋಗಬೇಕು. 105ರಡಿ ಶೋಧದ ವಿಡಿಯೋನೂ ಮಾಡಬೇಕು. ಕೇಸ್ ನಂಬರೇ ಹೇಳದವರು ಇಷ್ಟೆಲ್ಲ ಮಾಡ್ತಾರಾ? ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು, ನಮ್ಮ ಹೈಕೋರ್ಟಲ್ಲೇ ಜಡ್ಜ್ ಆಗಿದ್ದ ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ.

ಮಂಡ್ಯದ್ ಹೈದ: ತೀರ್ಪಿಗೆ ಫ್ರೇಮ್ ಹಾಕ್ಸಿ ಗೋಡೆಗೆ ನೇತಾಕ್ಕಳಿ.

ವೈರು-ಪ್ಲಗ್ಗು: ಇಬ್ಬರೂ ಸುಮ್ನಿರಿ. ಕ್ಯಾಮೆರಾಕ್ಕೆ 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್) ಅಂದ್ರೂ 8ಕ್ಕೆ ದಿನಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದೂವರೆ ದಿನಕ್ಕೆ ತುಂಬಿ, ಹಳೇದರ ಮೇಲೇ ಬರೀತದೆ. ಆಮೇಲೆ 'ಸಾಕ್ಷ್ಯ ಅಳಿಸಿದ್ರಿ' ಅನ್ನೋ ಮಾತು. ಕೇಳಿದ ದಿನವೇ ಆ ತುಣುಕು ತೆಗೆದಿಡಿ. 30 ದಿನಕ್ಕೆ 2.6 ಟಿಬಿ, ಅಂದ್ರೆ 4 ಟಿಬಿ ಡಿಸ್ಕೇ ಬೇಕು. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನ ಇಡಿ ಅಂತದೆ.

ಒಂಟಿಕೊಪ್ಪಲಿನವ: ಅದು ಒಟ್ಟಿಗೆ 100 ಜನ ಸೇರೋ ಜಾಗಕ್ಕೆ! 20 ಹಾಸಿಗೆಗೆ ಎಲ್ಲಿಂದ ಬಂತು? ಡಿಸ್ಕ್ ಮಾರೋರು ಕಾನೂನು ಹೇಳಬೇಡಿ.

ವೈರು-ಪ್ಲಗ್ಗು: ನೀವು ಹೇಳಿದ ಪೆನ್‌ಡ್ರೈವಲ್ಲಿ ಎಚ್.265 (ವಿಡಿಯೋ ಕುಗ್ಗಿಸೋ ಒಂದು ವಿಧಾನ) ಫೈಲ್ ಹಾಕಿದ್ರೆ ಠಾಣೆ ಕಂಪ್ಯೂಟರಲ್ಲಿ ಕಪ್ಪು ಪರದೆ, ಗೊತ್ತಾ ವಕೀಲ್ರೇ? ಪ್ಲೇಯರ್ ಸಮೇತ ಎಕ್ಸ್‌ಪೋರ್ಟ್ ಮಾಡ್ಬೇಕು. ಇಲ್ದಿದ್ರೆ ಮಾರನೇ ದಿನ ಡಿಸ್ಕ್ ಕೇಳ್ಕೊಂಡೇ ಬರೋದು.